ಕೂಸಿಗೆ ಪೂರ್ವವಿಲ್ಲ



ಅಂಕೋಲೆಯಿಂದ ಹುಬ್ಬಳ್ಳಿಗೆ ಬರುವ ಹೆದ್ದಾರಿಯ ಸೀಮೆಯಲ್ಲಿ, ಗಂಗಾವಳಿಯ ಕಣಿವೆಯಲ್ಲಿ, ಅಗಸೂರು ಎಂಬ ಊರಿದೆ. ಘಟ್ಟದ ಮೇಲಿನಿಂದ ಹೊಟ್ಟೆಪಾಡಿಗಾಗಿ ಇಳಿದು ಬಂದು ಅಲ್ಲಿ ನೆಲೆಸಿದ ಒಂದು ಭಕ್ತರ ಮನೆಗೆ ನಾನು ಕೆಲವು ವರ್ಷಗಳಿಂದ ಶ್ರಾವಣದಲ್ಲಿ ಹೋಗಿಬರುತ್ತಿದ್ದೇನೆ. ಮನೆಯಲ್ಲಿ ಮೂರು ಮಕ್ಕಳು. ಹಿರಿಯವಳಿಗೆ ಎಂಟು ವರ್ಷ, ನಡುವಿನ ಹುಡುಗನಿಗೆ ಆರು, ಮೂರನೆಯದು ಇನ್ನೂ ತೊಟ್ಟಿಲಲ್ಲಿದೆ. ನಡುವಿನವನಿಗೆ ಮಾತಿಲ್ಲ. ವೈದ್ಯರು ಅದನ್ನು ಆಟಿಸಂ ಎನ್ನುತ್ತಾರೆ; ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುವುದುಂಟು. ಆ ಶಬ್ದವು ನನಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ತನ್ನಲ್ಲಿಯೇ ಲೀನನಾದವನು ತಾಯಿಯ ಸೆರಗು ಹಿಡಿದು ನೀರಿನ ಕೊಡದತ್ತ ಎಳೆಯುವನೆ?

ಈ ಸಲ ಪೂಜೆ ಮುಗಿದ ಮೇಲೆ ಆ ತಾಯಿ ತಲೆತಗ್ಗಿಸಿ ಕೇಳಿದಳು: “ಅಜ್ಜಾರ, ಹಿಂದಿನ ಜನ್ಮದಾಗ ನಾ ಏನೋ ಪಾಪ ಮಾಡೀನಂತ, ಅದನ್ನ ಈ ಕೂಸು ಉಣ್ಣಾಕ ಹತ್ತೈತಿ ಅಂತಾರ. ಖರೇ ಏನ್ರೀ?”

ಹಾಗೆಂದವರು ಪರಮತದವರಲ್ಲ, ಲಿಂಗವಂತರೇ. ನಮ್ಮಲ್ಲಿ ಗರ್ಭಕ್ಕೆ ಎಂಟು ತಿಂಗಳು ತುಂಬುವಾಗಲೇ ಲಿಂಗಸಂಸ್ಕಾರ ಮಾಡುವ ಸಂಪ್ರದಾಯವುಂಟು. ಲಿಂಗಧಾರಣೆಯಾದ ಮೇಲೆ ಭಕ್ತನಿಗೆ ಪೂರ್ವಾಶ್ರಯವಿಲ್ಲವೆಂದು ನಾವೇ ಸಾರುತ್ತೇವೆ. ಹುಟ್ಟಿದ ಕುಲವನ್ನು ಕೇಳಕೂಡದೆಂದು ಪೀಠದಿಂದ ಹೇಳುವವರು, ಹಾಲುಗಲ್ಲದ ಕೂಸಿನ ಹಿಂದಿನ ಜನ್ಮವನ್ನು ಯಾವ ಬಾಯಿಂದ ಕೇಳುವರು? ಜನನಸೂತಕವನ್ನೇ ಅಲ್ಲಗಳೆದ ಶರಣರ ಮಕ್ಕಳು ನಾವು. ಒಂದು ಮಗುವಿನ ಮೌನಕ್ಕೆ ಪಾಪದ ಸೂತಕವನ್ನು ಹಚ್ಚುವುದು ಲಿಂಗಕ್ಕೆ ಮಾಡುವ ಅವಿಶ್ವಾಸವಲ್ಲದೆ ಬೇರೇನಲ್ಲ. ಇಷ್ಟನ್ನೂ ಆಕೆಗೆ ಹೇಳಿದೆನು. ಆಕೆ ಅತ್ತಳು.

ತಾಯಿಯನ್ನು ದೂರುವ ರೋಗ ನಮ್ಮ ದೇಶದ್ದಷ್ಟೇ ಅಲ್ಲ. ಅಮೇರಿಕೆಯಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಇಂತಹ ಹನ್ನೊಂದು ಮಕ್ಕಳನ್ನು ವರ್ಣಿಸಿ ಬರೆದರು. ಆಮೇಲೆ ಬಹುಕಾಲ ಅಲ್ಲಿಯ ಪಂಡಿತರು, ತಾಯಂದಿರ ಎದೆ ತಣ್ಣಗಿದ್ದುದರಿಂದಲೇ ಮಕ್ಕಳು ಹೀಗಾದರೆಂದು ಹೇಳಿದರು. ಇಲ್ಲಿ ಕರ್ಮವೆಂದರು, ಅಲ್ಲಿ ಶಾಸ್ತ್ರವೆಂದರು, ಅಷ್ಟೇ ಭೇದ! ಬರ್ನಾರ್ಡ್ ರಿಮ್ಲ್ಯಾಂಡ್ ಎಂಬವರು, ತಾವೂ ಇಂತಹ ಮಗನ ತಂದೆಯಾದವರು, 1964ರಲ್ಲಿ ಗ್ರಂಥ ಬರೆದು ಇದರ ಮೂಲ ದೇಹದಲ್ಲಿದೆ, ತಾಯಿಯ ನಡತೆಯಲ್ಲಿಲ್ಲವೆಂದು ವಾದಿಸಿದರು. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ವ್ಯತ್ಯಾಸವಿದೆಂಬುದು ಈಗ ಎಲ್ಲರೂ ಒಪ್ಪಿದ ಮಾತು.

ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, “ನಿನ್ನ ಮಗ ಅವಧೂತ, ಯೋಗಿ” ಎಂದು ಕೈಮುಗಿಯುತ್ತಾರೆ. ಇದನ್ನೂ ನಾನು ಒಪ್ಪುವುದಿಲ್ಲ. ಯೋಗಿಗೆ ಕೈಮುಗಿದರೆ ಮುಗಿಯಿತು. ಮಗುವಿಗೆ ಉಣಿಸಬೇಕು, ಕಲಿಸಬೇಕು, ರಾತ್ರಿ ಎದ್ದು ಕೂಡ್ರಬೇಕು.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಹುಡುಗನಿಗೆ ಎರಡು ವರ್ಷವಾದಾಗ, ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದುದನ್ನು ಬೆರಳಿನಿಂದ ತೋರಿಸುವುದಿಲ್ಲವೆಂದು ತಂದೆ ನನ್ನಲ್ಲಿ ಹೇಳಿಕೊಂಡಿದ್ದನು. ಕೆಲವು ಗಂಡುಮಕ್ಕಳಿಗೆ ಮಾತು ತಡವಪ್ಪಾ ಎಂದು ವಿಭೂತಿ ಹಚ್ಚಿ ಕಳುಹಿಸಿದೆನು. ನನ್ನ ಮಾತಿನ ಮೇಲೆ ಅವರು ಒಂದೂವರೆ ವರ್ಷ ಕಾದರು. ಅದೇ ಅಂಕೋಲೆ ತಾಲೂಕಿನ ಹೊನ್ನಳ್ಳಿಯಲ್ಲಿ, 2024ರ ಡಿಸೆಂಬರದಲ್ಲಿ ತೀರಿಕೊಂಡ ತುಳಸಿ ಗೌಡರು ಇದ್ದರು. ಓದುಬರಹ ಬಾರದಿದ್ದರೂ ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಬಲ್ಲವರು. ಹೊತ್ತು ಎಂಬುದರ ಬೆಲೆಯನ್ನು ಆಕೆ ಅರಿತಷ್ಟು ಈ ಪ್ರವಚನಕಾರ ಅರಿಯಲಿಲ್ಲ. ವಿಭೂತಿ ಹಚ್ಚಿರಿ, ಬೇಡವೆನ್ನೆನು. ಆದರೆ ವರ್ಷ ತುಂಬಿದ ಮಗು ಕರೆದರೆ ಓಗೊಡದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸದಿದ್ದರೆ, ಬಂದ ಮಾತು ಹೋದರೆ, ಅದೇ ವಾರ ವೈದ್ಯರಲ್ಲಿಗೆ ಹೋಗಿರಿ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಶಾಲೆಯ ಬಾಗಿಲಲ್ಲಿ ಸಂಕೋಚಪಟ್ಟು ನಿಲ್ಲಬೇಕಾದುದಿಲ್ಲ.

ಆ ಮನೆಯ ದಿನಚರಿಯನ್ನು ಕಂಡರೆ ನಮ್ಮ ನೇಮವ್ರತಗಳು ಹಗುರವೆನಿಸುವವು. ಹುಡುಗನು ಮೊಸರನ್ನವನ್ನಲ್ಲದೆ ಬೇರೆ ಮುಟ್ಟನು. ಅದೂ ಒಂದೇ ತಟ್ಟೆಯಲ್ಲಿ. ಹುಣಸೆಬೀಜಗಳನ್ನು ಪಡಸಾಲೆಯುದ್ದಕ್ಕೂ ಸಾಲಾಗಿ ಇಡುವನು, ಒಂದು ಅಲುಗಿದರೂ ಚೀರುವನು. ನೀರೆಂದರೆ ಪ್ರಾಣ. 2019ರಲ್ಲಿಯೂ 2021ರಲ್ಲಿಯೂ ದಂಡೆಮೀರಿ ಹರಿದ ಗಂಗಾವಳಿಯು ಸಮೀಪದಲ್ಲಿರಲು, ತಂದೆ ಬಾಗಿಲಿಗೆ ಮೇಲ್ಗಡೆ ಎರಡನೆಯ ಚಿಲಕ ಹಾಕಿಸಿದ್ದಾನೆ. ಒಮ್ಮೆ ಅವರು ಮಠವೊಂದಕ್ಕೆ ಪ್ರಸಾದಕ್ಕೆ ಹೋದಾಗ ಜಾಗಟೆಯ ಸದ್ದಿಗೆ ಹುಡುಗ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದನಂತೆ. ಮಗನಿಗೆ ಶಿಸ್ತು ಕಲಿಸಿಲ್ಲವೆಂದು ಪಂಕ್ತಿಯಲ್ಲಿದ್ದ ಹಿರಿಯರು ಗದರಿಸಿದರಂತೆ. ಅಂದಿನಿಂದ ಆಕೆ ಮಠದ ಮೆಟ್ಟಿಲು ತುಳಿದಿಲ್ಲ. ಜಾಗಟೆಯನ್ನು ಒಂದು ಗಳಿಗೆ ನಿಲ್ಲಿಸಿದ್ದರೆ ಶಿವನು ಮುನಿಯುತ್ತಿದ್ದನೆ?

ಹಿರಿಯ ಹುಡುಗಿಯನ್ನು ಎಲ್ಲರೂ ಜಾಣೆಯೆಂದು ಹೊಗಳುತ್ತಾರೆ. ತಮ್ಮನ ಒಂದೊಂದು ಸನ್ನೆಯನ್ನೂ ಆಕೆಯೇ ಬಿಡಿಸಿ ಹೇಳುವವಳು. ಒಂದು ರಾತ್ರಿ ತಂದೆಯನ್ನು ಕೇಳಿದಳಂತೆ: “ಅಪ್ಪಾ, ನನಗೂ ಮಾತ ಬರಲಿಲ್ಲಂದ್ರ ಅವ್ವ ನನ್ನೂ ಎತ್ಕೋತಿದ್ಲೇನು?” ಈಗ ತಂದೆ ದಿನವೂ ಸಂಜೆ ಅರ್ಧ ತಾಸು ಆಕೆಯೊಬ್ಬಳೊಡನೆಯೇ ಕುಳಿತು ಆಕೆಯ ಮಾತು ಕೇಳುತ್ತಾನೆ. ತಾಯಿಗೂ ಇಂತಹ ಅರ್ಧ ತಾಸು ಬೇಕು. ಅದನ್ನು ಕೊಡಬೇಕಾದವರು ನೆರೆಹೊರೆಯವರು, ಬಂಧುಗಳು, ನಾವು.

ಆಯ್ದಕ್ಕಿ ಮಾರಯ್ಯನ ಕಾಯಕ ನಿಮಗೆಲ್ಲ ತಿಳಿದುದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಹೆಚ್ಚಿಗೆ ತಂದಾಗ, ಇದು ನಮ್ಮದಲ್ಲವೆಂದು ಲಕ್ಕಮ್ಮ ತಿರುಗಿ ಸುರಿಸಿಬರಲು ಕಳುಹಿಸಿದಳು. ನೆರೆಮನೆಯ ಮಕ್ಕಳು ಪದ್ಯ ಒಪ್ಪಿಸುವುದನ್ನು ಕಂಡು ತನ್ನ ಮಗನನ್ನು ಅದರಿಂದ ಅಳೆಯುವ ತಂದೆತಾಯಿಗಳು ಹೆಚ್ಚಿನ ಅಕ್ಕಿಗೆ ಕೈಚಾಚಿದವರೇ. ಇಂದಿನ ಕಾಳು ಯಾವುದೋ ಅದನ್ನು ಬಗ್ಗಿ ಆಯಬೇಕು. ಬಗ್ಗದೆ ಕಾಳು ಕಾಣದು.

ಹೊರಡುವ ಮುನ್ನ ಹುಡುಗ ನನ್ನ ಶಲ್ಯವನ್ನು ಹಿಡಿದೆಳೆದನು. ನನಗೆ ತಿಳಿಯಲಿಲ್ಲ. “ನೀರು ಬೇಕಂತ್ರಿ, ಅಜ್ಜಾರ” ಎಂದಳು ಅಕ್ಕ. ತಾಯಿ ಆಕೆಗೆ ಸುಮ್ಮನಿರಲು ಸನ್ನೆಮಾಡಿ, ಲೋಟದ ಚಿತ್ರವಿದ್ದ ರಟ್ಟಿನ ಚೀಟಿಯನ್ನು ನೆಲದ ಮೇಲಿಟ್ಟು ಕಾದಳು. ಬಹಳ ಹೊತ್ತಾಯಿತು. ತೊಟ್ಟಿಲಿನ ಕೂಸು ಅತ್ತು ಸುಮ್ಮನಾಯಿತು. ಹುಡುಗ ಚೀಟಿಯನ್ನೆತ್ತಿ ಆಕೆಯ ಅಂಗೈಯಲ್ಲಿಟ್ಟನು. ಆಕೆ ಎದ್ದು ನೀರು ತಂದಳು.