ನಾಗನ ಬಣ್ಣ: ಆರೋಪವೋ ಭ್ರಾಂತಿಯೋ

ಕ್ಯಾಲೆಂಡರಿನ ಶಿವನ ಕೊರಳಲ್ಲಿ ನಾಗರ ಹಲವು ಸಲ ತಿಳಿನೀಲಿ ಅಥವಾ ಎಳೆಹಸಿರು. ಸಿನಿಮಾದ ನಾಗಿಣಿ ಚಿನ್ನದ ಬಣ್ಣದವಳು. ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಆಲ್ದೂರು, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಎದುರಾಗುವ ನಾಗರಹಾವು ಕಂದು, ಗೋಧಿ ಅಥವಾ ಕಪ್ಪು. ಇಲ್ಲದ ಬಣ್ಣ ಬಳಿದು ಕೈಮುಗಿಯುವುದು ಸುಳ್ಳಿಗೆ ಕೈಮುಗಿದಂತೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕ. ಆದರೆ ಹಾವು, ಬಣ್ಣ, ಸುಳ್ಳು ಈ ಮೂರನ್ನೂ ಒಟ್ಟಿಗಿಟ್ಟು ಯೋಚಿಸಿದ ಪರಂಪರೆ ಇಲ್ಲಿ ಹಳೆಯದು.

ಮಹಾಭಾರತದ ಆದಿಪರ್ವದಲ್ಲಿ ಕದ್ರು ಮತ್ತು ವಿನತೆ ಉಚ್ಚೈಃಶ್ರವಸ್ಸೆಂಬ ಕುದುರೆಯ ಬಣ್ಣದ ಮೇಲೆ ಪಣ ಕಟ್ಟುತ್ತಾರೆ. ಸೋತವಳು ಗೆದ್ದವಳ ದಾಸಿಯಾಗಬೇಕು. ಕುದುರೆ ಅಪ್ಪಟ ಬಿಳಿ. ಬಾಲ ಕಪ್ಪೆಂದಿದ್ದ ಕದ್ರು, ಕರಿಗೂದಲಾಗಿ ಬಾಲಕ್ಕೆ ಅಂಟಿಕೊಳ್ಳಿರೆಂದು ತನ್ನ ಹಾವುಮಕ್ಕಳಿಗೆ ಹೇಳುತ್ತಾಳೆ. ಒಲ್ಲೆನೆಂದವರಿಗೆ ಜನಮೇಜಯನ ಸರ್ಪಯಾಗದಲ್ಲಿ ಬೆಂದುಹೋಗುವ ಶಾಪ. ಬಣ್ಣದ ಸುಳ್ಳಿಗೆ ಹಾವುಗಳೇ ಹಿಂಜರಿದದ್ದು ಈ ಕಥೆಯ ಸೊಗಸು. ಕೊನೆಗೆ ಅವು ಮಣಿದು, ವಿನತೆ ಸೋಲುತ್ತಾಳೆ. ಇಲ್ಲಿ ಮೋಸ ಪೂರ್ತಿಯಾಗಲು ಎರಡು ಸಂಗತಿ ಬೇಕಾದವು: ಬಣ್ಣ ಹಚ್ಚಿದವರಿಗೆ ವಂಚಿಸುವ ಉದ್ದೇಶ, ನೋಡಿದವಳಿಗೆ ನಿಜದ ಅರಿವಿಲ್ಲದಿರುವುದು.

ಘಟ್ಟದ ಕೆಳಗಿನ ನಾಗಮಂಡಲವೆಂಬ ನಾಗಾರಾಧನೆಯಲ್ಲಿ ಈ ಎರಡೂ ಇಲ್ಲ. ವೈದ್ಯರೆಂದು ಕರೆಸಿಕೊಳ್ಳುವ ಕಲಾವಿದರು ನೆಲದ ಮೇಲೆ ನಾಗನನ್ನು ಐದು ಬಣ್ಣಗಳಲ್ಲಿ ಬರೆಯುತ್ತಾರೆ. ಅರಿಸಿನದಿಂದ ಹಳದಿ, ಅದಕ್ಕೇ ಸುಣ್ಣ ಬೆರೆತರೆ ಕೆಂಪು, ಎಲೆಯ ಪುಡಿಯಿಂದ ಹಸಿರು, ಸುಟ್ಟ ಭತ್ತದ ಹೊಟ್ಟಿನಿಂದ ಕಪ್ಪು, ಜೊತೆಗೆ ಬಿಳಿ. ಸುತ್ತ ನೆರೆದವರಲ್ಲಿ ಯಾರೂ ಹಾವು ಹೀಗಿರುತ್ತದೆಂದು ನಂಬಿದವರಲ್ಲ. ತರ್ಕಶಾಸ್ತ್ರ ಇಂಥದ್ದನ್ನು ಆಹಾರ್ಯ ಜ್ಞಾನ ಎನ್ನುತ್ತದೆ: ಹಾಗಿಲ್ಲವೆಂದು ಗೊತ್ತಿದ್ದೂ ಬೇಕೆಂದೇ ಹಾಗೆ ಕಾಣುವುದು. ಅಲಂಕಾರಶಾಸ್ತ್ರವೂ ಇದೇ ಗೆರೆ ಎಳೆದಿದೆ. ಮುಖದ ಮೇಲೆ ಚಂದ್ರನನ್ನು ಆರೋಪಿಸಿದರೆ ರೂಪಕ. ಮುಖವನ್ನೇ ಚಂದ್ರನೆಂದು ತಿಳಿದು ಚಕೋರ ಹಾರಿಬಂದರೆ ಭ್ರಾಂತಿಮಾನ್. ನಾಗಮಂಡಲದ ಹಳದಿ ಮೊದಲನೆಯ ಬಗೆಯದು.

ಭ್ರಾಂತಿಯ ವಿಚಾರದಲ್ಲಿ ಚಿಕ್ಕಮಗಳೂರು ಜಿಲ್ಲೆಗೆ ಎರಡು ಮತಗಳ ನಂಟಿದೆ. ಶೃಂಗೇರಿ ಅದ್ವೈತದ ಪೀಠ. ಕಳಸದ ಬಳಿಯ ಅಂಬುತೀರ್ಥದಲ್ಲಿ ದ್ವೈತದ ಮಧ್ವಾಚಾರ್ಯರ ಹೆಸರಿಗೆ ಅಂಟಿಕೊಂಡ ಬಂಡೆಯಿದೆ. ಹಗ್ಗದಲ್ಲಿ ಕಂಡ ಹಾವು ಇದೆಯೆನ್ನಲೂ ಬಾರದ, ಇಲ್ಲವೆನ್ನಲೂ ಬಾರದ ಅನಿರ್ವಚನೀಯ ಎನ್ನುವುದು ಅದ್ವೈತ. ಆ ಹಾವು ಶುದ್ಧ ಅಸತ್ತು, ಬೇರೆಡೆ ಇರುವ ದಿಟದ ಹಾವಿನ ನೆನಪಿಲ್ಲದೆ ಅದು ತೋರುತ್ತಲೇ ಇರಲಿಲ್ಲ ಎನ್ನುವುದು ದ್ವೈತ. ಬಣ್ಣಕ್ಕೆ ಇನ್ನೂ ಹತ್ತಿರದ ಉದಾಹರಣೆ ಶಂಕರರ ಅಧ್ಯಾಸಭಾಷ್ಯದಲ್ಲೇ ಇದೆ: ಕಣ್ಣಿಗೆ ವಿಷಯವೇ ಅಲ್ಲದ ಆಕಾಶಕ್ಕೆ ಅರಿಯದವರು ತಳವನ್ನೂ ಮಾಸಲನ್ನೂ ಹೊರಿಸುತ್ತಾರೆ.

ಹಾಗಾದರೆ ಹಾವಿನದೇ ಆದ ಬಣ್ಣ ಯಾವುದು? ಬೇಲಿಯ ಹಸಿರುಹಾವನ್ನು ಮದ್ಯಸಾರದಲ್ಲಿಟ್ಟರೆ ಕ್ರಮೇಣ ನೀಲಿಯಾಗುತ್ತದೆ. ಅದರ ಚರ್ಮದಲ್ಲಿ ಹಸಿರು ವರ್ಣದ್ರವ್ಯವಿಲ್ಲ. ಸೂಕ್ಷ್ಮ ಹರಳುಗಳು ಚದುರಿಸುವ ನೀಲಿ ಬೆಳಕಿನ ಮೇಲೆ ಹಳದಿ ದ್ರವ್ಯದ ಪದರವಿದ್ದು, ಎರಡೂ ಸೇರಿ ಹಸಿರು ಕಾಣುತ್ತದೆ. ಹಳದಿ ಕರಗಿದರೆ ನೀಲಿಯಷ್ಟೇ ಉಳಿಯುತ್ತದೆ. ಕ್ಯಾಲೆಂಡರಿನ ಕಲಾವಿದನಿಗೆ ಇದು ತಿಳಿದಿರಲಾರದು. ಪಶ್ಚಿಮಘಟ್ಟದ ಮಲಬಾರ್ ಗುಳಿಮಂಡಲವಂತೂ ಒಂದೇ ಜಾತಿಯಾಗಿದ್ದೂ ಹಸಿರು, ಕಂದು, ಹಳದಿ, ಕಿತ್ತಳೆ ಛಾಯೆಗಳಲ್ಲಿ ಸಿಗುತ್ತದೆ. ಅದನ್ನು ಕಂಡಂತೆಯೇ ಬರೆದ ಚಿತ್ರವನ್ನೂ ಕಲ್ಪನೆಯೆಂದು ತಳ್ಳಿಹಾಕುವವರಿದ್ದಾರು.

ಬಣ್ಣದಿಂದ ಹಾವಿನ ಗುಣ ಅಳೆಯುವುದೂ ಹಳೆಯ ರೂಢಿ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಮುತ್ತು, ಬೆಳ್ಳಿ, ಚಿನ್ನದ ಕಾಂತಿಯ ಹಾವುಗಳನ್ನು ಬ್ರಾಹ್ಮಣ ಜಾತಿಗೆ ಸೇರಿಸಿ, ಹೀಗೇ ನಾಲ್ಕು ವರ್ಣಗಳನ್ನೂ ಹಾವುಗಳಿಗೆ ಹಂಚುತ್ತದೆ. ಇದು ನಾಗಮಂಡಲದ ಬಗೆಯದಲ್ಲ. ಓದುವ ವೈದ್ಯ ನಿಜವೆಂದು ನಂಬಲಿ ಎಂದೇ ಬರೆದದ್ದು. ಮಿರುಗುವ ಹಾವೇ ವಿಷದ ಹಾವು ಎಂಬ ಇಂದಿನ ಎಣಿಕೆಯೂ ಇದೇ ಸಾಲಿನದು. ತೋಟದ ತರಗೆಲೆಯ ನಡುವೆ ಸುರುಳಿ ಸುತ್ತಿ ಕೂರುವ ಗೂನುಮೂಗಿನ ಗುಳಿಮಂಡಲ ಒಣಗಿದ ಎಲೆಯದೇ ಬಣ್ಣದ್ದು, ಗೇಣಿಗಿಂತ ತುಸು ಉದ್ದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆಂದು ಭಾರತದಲ್ಲಿ ತಯಾರಾಗುವ ಪ್ರತಿವಿಷ ಅದರ ಕಡಿತಕ್ಕೆ ನಾಟುವುದಿಲ್ಲ.