ನೂಲ ಹುಣ್ಣಿಮೆಯ ನಾವೆ

ಸಂಸಾರವನ್ನು ಸಾಗರಕ್ಕೂ ಶ್ರೀಗುರುವನ್ನು ಅಂಬಿಗನಿಗೂ ಹೋಲಿಸುವುದು ಶಿವಶರಣರ ಪರಂಪರೆಯಲ್ಲಿ ಚಿರಪರಿಚಿತವಾದ ಮಾತು. ಆದರೆ ಬಿಜ್ಜರಗಿಯಂತಹ ಬಯಲುಸೀಮೆಯ ಗ್ರಾಮದಲ್ಲಿ, ಜೋಳದ ಹೊಲ ದ್ರಾಕ್ಷಿಯ ತೋಟಗಳ ನಡುವೆ ಬಾಳುವ ಭಕ್ತನಿಗೆ ಕಡಲು ದೂರದ ವಸ್ತು. ಕಡಲ ತಡಿಯವರು ತಮ್ಮ ನಾವೆಗಳನ್ನು ಹೇಗೆ ಕಾಯ್ದುಕೊಳ್ಳುವರೆಂಬುದನ್ನು ತಿಳಿದರೆ ಈ ಹೋಲಿಕೆಯ ಒಳಗುಟ್ಟು ಹೊಳೆದೀತು.

ಕಾರವಾರ, ಹೊನ್ನಾವರ, ಭಟ್ಕಳದ ಕಡಲ ತೀರದಲ್ಲಿ ಶ್ರಾವಣದ ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿಯನ್ನರ್ಪಿಸಿ ಪೂಜಿಸುವ ವಾಡಿಕೆಯುಂಟು. ಯಂತ್ರಗಳು ಬರುವುದಕ್ಕೆ ಮೊದಲು, ಗಾಳಿಯನ್ನೇ ನೆಚ್ಚಿದ್ದ ಮಚವೆ, ಪತ್ತೇಮಾರಿ ಮೊದಲಾದ ಹಾಯಿಹಡಗುಗಳು ಮುಂಗಾರಿನ ತಿಂಗಳುಗಳನ್ನು ಬಂದರಿನ ಮರೆಯಲ್ಲಿಯೋ ದಡದ ಮೇಲೆಯೋ ಕಳೆಯುತ್ತಿದ್ದವು. ಆ ಬಿಡುವಿನಲ್ಲಿ ಹಲಗೆಗಳನ್ನು ಪರೀಕ್ಷಿಸಿ, ಸಂದುಗಳಿಗೆ ನಾರು ತುಂಬಿ, ಹರಿದ ಹಾಯಿಯನ್ನು ಹೊಲಿಯುತ್ತಿದ್ದರು. ಸಿಂಗರಿಸಿದ ನಾವೆಗಳು ಸಾಲುಗೂಡಿ ನಿಂತ ಸೊಬಗು ನೋಡುವವರ ಕಣ್ಣಿಗೆ ಹಬ್ಬ. ಆದರೆ ತೆಂಗಿನಕಾಯಿಯಿಂದ ಸಂದು ಮುಚ್ಚದೆಂಬುದನ್ನು ನಾವಿಕನು ಬಲ್ಲನು.

2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ ‘ಕೌಂಡಿನ್ಯ’ವೆಂಬ ಹಾಯಿಹಡಗು ಈ ಮಾತಿಗೆ ಉತ್ತಮ ನಿದರ್ಶನ. ಅಜಂತೆಯ 5ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ ಕಟ್ಟಿದ ಈ ನಾವೆಯಲ್ಲಿ ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು. ನಾರು ಕ್ಷುದ್ರ ವಸ್ತು. ಆದರೂ ಕಡಲನ್ನು ದಾಟಿಸಿದುದು ಆ ನಾರಿನ ಹೊಲಿಗೆಯೇ.

ಬಯಲುಸೀಮೆಗೂ ಅದೇ ಶ್ರಾವಣ. ಮಠಮಠಗಳಲ್ಲಿ ತಿಂಗಳುದ್ದಕ್ಕೂ ಪುರಾಣ ಪ್ರವಚನಗಳು ನಡೆಯುತ್ತವೆ; ಭಕ್ತರು ವಿಭೂತಿ ಧರಿಸಿ ಕೇಳುತ್ತಾರೆ; ಮಂಗಲದ ದಿನ ಪ್ರಸಾದ ಸ್ವೀಕರಿಸಿ ಮನೆಗೆ ತೆರಳುತ್ತಾರೆ. ಆದರೆ ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಶ್ರಾವಣ ಕಳೆದರೂ ಮಾತನಾಡದಿದ್ದರೆ, ದುಡಿದವನ ಕೂಲಿ ಒಡೆಯನ ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ, ಹಸಿದು ಬಂದವನ ಕುಲವನ್ನು ಕೇಳಿ ಅನ್ನವಿಕ್ಕಿದರೆ, ಆ ಪುರಾಣ ಶ್ರವಣವು ಬಿರುಕುಬಿಟ್ಟ ನಾವೆಗೆ ಕಟ್ಟಿದ ತೋರಣವಲ್ಲದೆ ಮತ್ತೇನು? ಪತಾಕೆ ದಡದವರಿಗೆಲ್ಲ ಕಾಣುತ್ತದೆ. ಬಿರುಕು ಇರುವುದು ನೀರಿನ ಕೆಳಗೆ. ಅದನ್ನು ಊರವರು ಕಾಣರು. ಅಂಗದ ಮೇಲಿನ ಲಿಂಗವು ಬಲ್ಲುದು.

ಬಸವಣ್ಣನವರ ಸಮಕಾಲೀನರಾದ ಅಂಬಿಗರ ಚೌಡಯ್ಯನವರು ನಾವೆ ನಡೆಸುವ ಕಾಯಕದಿಂದಲೇ ಶರಣಪದವಿಗೇರಿದರು. ತುಂಗಭದ್ರೆಯ ತಡಿಯ ಚೌಡದಾನಪುರವು ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಹೊರಗಿನ ಆಡಂಬರವನ್ನು ಅವರಷ್ಟು ನಿಷ್ಠುರವಾಗಿ ಖಂಡಿಸಿದವರು ವಿರಳ. ನಾವೆಯ ಸಂದನ್ನು ನೋಡಬಲ್ಲ ಕಣ್ಣಿಗೆ ಮನುಷ್ಯನ ಸಂದು ಮರೆಯಾಗಲಾರದು.

ಗಾಳಿಯು ಶಿವನ ಕರುಣೆ. ಅದು ಎಲ್ಲರಿಗೂ ಒಂದೇ ಸಮನಾಗಿ ಬೀಸುತ್ತದೆ. ಹಾಯಿ ಬಿಚ್ಚುವುದೂ ಸಂದು ಬಿಗಿಯುವುದೂ ಭಕ್ತನ ಕಾಯಕ. ಶ್ರಾವಣ ಮುಗಿಯುವುದರೊಳಗಾಗಿ ಗೃಹಸ್ಥನು ಒಂದು ಹಳೆಯ ಬಿರುಕನ್ನಾದರೂ ಹೊಲಿಯಲಿ: ಮುನಿದ ತಮ್ಮನ ಹೊಸ್ತಿಲನ್ನು ತಾನೇ ತುಳಿಯಲಿ, ಉಳಿದ ಕೂಲಿಯನ್ನು ತಾನೇ ಒಯ್ದು ಕೊಡಲಿ. ಅಂಥವನ ಮನೆಯಲ್ಲಿ ಪುರಾಣವು ಮಂಗಲವಾಯಿತೆಂದು ತಿಳಿಯಬೇಕು.