ನುಡಿದವರು ಹೋದಮೇಲಿನ ನುಡಿ

2024ನೆಯ ಇಸವಿಯ ಜುಲೈ 11ರ ರಾತ್ರಿ ನಿರೂಪಕಿ ಅಪರ್ಣಾ ಅವರು ತೀರಿಕೊಂಡರೆಂಬ ವಾರ್ತೆಯನ್ನು ಕೇಳಿ ಮಲಗಿದ್ದ ನಾನು, ಮಾರನೆಯ ಬೆಳಗ್ಗೆ ಎಂದಿನಂತೆ ವಿಜಯನಗರದಲ್ಲಿ ಮೆಟ್ರೋ ರೈಲನ್ನು ಹತ್ತಿ ಕುಳಿತಾಗ, ಗಾಡಿ ಚಲಿಸಿದ ಸ್ವಲ್ಪ ಹೊತ್ತಿಗೆಲ್ಲ, ಮುಂದಿನ ನಿಲ್ದಾಣ ಅತ್ತಿಗುಪ್ಪೆಯೆಂದು, ಮೊದಲೇ ಮುದ್ರಿಸಿಟ್ಟ ದನಿಯಲ್ಲಿ, ಅವರೇ ತಿಳಿಸಿದರು. ಐವತ್ತೇಳನೆಯ ವಯಸ್ಸಿಗೆ ಶ್ವಾಸಕೋಶದ ಅರ್ಬುದರೋಗಕ್ಕೆ ತುತ್ತಾದವರ ಕಂಠದಲ್ಲಿ ಆಯಾಸದ ಲೇಶವೂ ಇರಲಿಲ್ಲ. ಗಾಡಿಯಲ್ಲಿದ್ದ ಕೆಲವರು ತಲೆಯೆತ್ತಿ ಮೇಲೆ ನೋಡಿದರು. ಅಲ್ಲಿ ನೋಡತಕ್ಕದ್ದು ಏನೂ ಇರಲಿಲ್ಲ.

ಆ ಕಂಠ ನಮ್ಮ ಮನೆಗೆ ಪರಿಚಯವಾದದ್ದು 1990ರ ದಶಕದಲ್ಲಿ, ರಾಜಾಜಿನಗರದ ವಠಾರದ ನಡುಮನೆಯಲ್ಲಿ ದೂರದರ್ಶನದ ಪೆಟ್ಟಿಗೆಯ ಮುಂದೆ ಅಕ್ಕಪಕ್ಕದವರೂ ಬಂದು ಕೂರುತ್ತಿದ್ದ ಕಾಲದಲ್ಲಿ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರವಾದ ‘ಮಸಣದ ಹೂವು’ ಅವರನ್ನು ನಟಿಯಾಗಿ ತೋರಿಸಿತ್ತಾದರೂ, ನಾಡು ಅವರನ್ನು ತನ್ನವರೆಂದು ಬಗೆದದ್ದು ಚಂದನ ವಾಹಿನಿಯ ನಿರೂಪಕಿಯಾಗಿ. 1998ರ ದೀಪಾವಳಿಯಲ್ಲಿ ಎಂಟು ಗಂಟೆಗಳ ಕಾಲ ಎಡೆಬಿಡದೆ ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಅವರು. ಮಹಾಪ್ರಾಣವನ್ನು ಮಹಾಪ್ರಾಣವಾಗಿಯೇ, ಣಕಾರ ಳಕಾರಗಳನ್ನು ಅವುಗಳ ಸ್ಥಾನದಲ್ಲಿಯೇ ನುಡಿದೂ, ಪಾಂಡಿತ್ಯವನ್ನು ಮೆರೆಸುವ ಬಿಗುವು ಎಲ್ಲಿಯೂ ಕಾಣದಂತೆ, ಮನೆಯ ಹಿರಿಯ ಮಗಳು ಬಂದವರನ್ನು ಕೂರಿಸಿ ಮಾತಾಡಿಸುವಂತೆ ಅವರು ಮಾತಾಡುತ್ತಿದ್ದರು. ಅದೇ ನಾಲಗೆ ಮುಂದೆ ‘ಮಜಾ ಟಾಕೀಸ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ವರಲಕ್ಷ್ಮಿಯೆಂಬ ಪಾತ್ರವಾಗಿ ನಾಡನ್ನೆಲ್ಲ ನಗಿಸಿತು. ಗಾಂಭೀರ್ಯಕ್ಕೆ ಹೆಸರಾದವರು ನಗೆಗೆ ತಮ್ಮನ್ನು ಹಾಗೆ ಒಪ್ಪಿಸಿಕೊಂಡದ್ದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತು.

ಅಂದು ಬೆಳಗ್ಗೆ ರೈಲಿನಲ್ಲಿ ಕೇಳಿದ್ದು ಯಾರ ಮಾತು? ನುಡಿದವರು ಹೋದಮೇಲೂ ನುಡಿ ಉಳಿಯುವುದೆ? ಈ ಪ್ರಶ್ನೆಯ ಬೇರು ನಮ್ಮ ದರ್ಶನಗಳಲ್ಲಿ ಬಹಳ ಆಳಕ್ಕೆ ಇಳಿದಿದೆ. ಶಬ್ದವು ಹುಟ್ಟತಕ್ಕದ್ದು, ಆದಕಾರಣ ಅಳಿಯತಕ್ಕದ್ದು ಎಂದರು ನೈಯಾಯಿಕರು. ಅದು ಆಕಾಶದ ಗುಣವಾಗಿ, ಅಲೆಯಿಂದ ಅಲೆ ಏಳುವಂತೆ ಕಿವಿಯವರೆಗೆ ಸಾಗಿ ಅಲ್ಲಿಯೇ ಲಯಿಸುವುದು ಎಂಬುದು ಅವರ ಮತ. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಶಬ್ದ ನಿತ್ಯವಾದುದು, ಆಡುವವನ ಪ್ರಯತ್ನ ಅದನ್ನು ಹುಟ್ಟಿಸುವುದಿಲ್ಲ, ಕತ್ತಲಲ್ಲಿದ್ದ ಗಡಿಗೆಯನ್ನು ದೀಪ ತೋರಿಸುವಂತೆ ವ್ಯಕ್ತಪಡಿಸುವುದಷ್ಟೇ ಎಂದು ವಾದಿಸಿ, ಅದಕ್ಕೆ ಪ್ರತ್ಯಭಿಜ್ಞೆಯನ್ನು ಪ್ರಮಾಣವಾಗಿ ಮುಂದಿಟ್ಟರು: ನಿನ್ನೆ ಒಬ್ಬರ ಬಾಯಲ್ಲಿ, ಇಂದು ಇನ್ನೊಬ್ಬರ ಬಾಯಲ್ಲಿ ಕೇಳಿದರೂ ‘ಇದು ಅದೇ ಗಕಾರ’ ಎಂದು ನಾವು ಗುರುತಿಸುತ್ತೇವಲ್ಲವೆ?

ಗುರುತಿಸುತ್ತೇವೆ, ನಿಜ. ಆದರೆ ನನಗಾದ ಪ್ರತ್ಯಭಿಜ್ಞೆ ಬೇರೆಯದು. ‘ಇದು ಅದೇ ಅಕಾರ’ ಎಂದು ನನ್ನ ಮನಸ್ಸು ಹೇಳಲಿಲ್ಲ. ‘ಇವರು ಅದೇ ಅಪರ್ಣಾ’ ಎಂದಿತು. ವೈಯಾಕರಣ ಭರ್ತೃಹರಿಯು ವಾಕ್ಯಪದೀಯದಲ್ಲಿ ಶಬ್ದವನ್ನು ಬೆಳಗಿಸುವ ಪ್ರಾಕೃತಧ್ವನಿಯನ್ನೂ, ನುಡಿಯುವ ವೇಗ ವಿಳಂಬಗಳಿಗೆ ಸಂಬಂಧಪಟ್ಟ ವೈಕೃತಧ್ವನಿಯನ್ನೂ ಬೇರ್ಪಡಿಸಿ, ಎರಡನೆಯದರಿಂದ ಶಬ್ದದ ಸ್ವರೂಪಕ್ಕೆ ಭೇದವಿಲ್ಲವೆನ್ನುತ್ತಾನೆ. ವ್ಯಾಕರಣಕ್ಕೆ ಅದು ಸರಿ. ಆದರೆ ದುಃಖಿಸುವವನು ಹುಡುಕುವುದು, ಶಾಸ್ತ್ರವು ಆಗಂತುಕವೆಂದು ಬದಿಗಿಟ್ಟ ಆ ಎರಡನೆಯ ಬಗೆಯದನ್ನೇ: ‘ನಿಲ್ದಾಣ’ ಎಂಬಲ್ಲಿ ಸ್ವರ ಇಳಿಯುವ ರೀತಿಯನ್ನು, ಊರಿನ ಹೆಸರಿಗೆ ಮುನ್ನ ಬರುವ ಕಿರಿಯ ವಿರಾಮವನ್ನು. ಕನ್ನಡವೆಂಬುದು ಅಪರ್ಣಾ ಅವರಿಗಿಂತ ಮೊದಲೂ ಇತ್ತು, ಅನಂತರವೂ ಇರುವುದು. ಆ ನಿತ್ಯತ್ವದಿಂದ ನನಗೆ ಧೈರ್ಯವುಂಟಾದೀತು, ಸಮಾಧಾನವಾಗದು. ನಿತ್ಯವಾದುದಕ್ಕೆ ಬೆಲೆ ಬರುವುದು ಅನಿತ್ಯವಾದ ಒಂದು ಬಾಯಿ ಅದನ್ನು ಜೋಪಾನವಾಗಿ ಹೊತ್ತು ತಂದಾಗ ಮಾತ್ರವೆಂಬುದು ನನ್ನ ಪಕ್ಷ. ಮೀಮಾಂಸಕರು ದೀಪವನ್ನು ಕೇವಲ ಸಾಧನವೆಂದದ್ದರಲ್ಲಿ, ಅದು ಉರಿದು ತೀರುವ ವಸ್ತುವೆಂಬ ಕಡೆಗೆ ಅವರ ಗಮನ ಹೋಗಲಿಲ್ಲವೆಂದು ತೋರುತ್ತದೆ.

ಮಾತು ಹುಟ್ಟುವ ಬಗೆಯನ್ನು ಶಿಕ್ಷಾಶಾಸ್ತ್ರವು ಹೇಳುವಾಗ, ಆತ್ಮ ಮನಸ್ಸನ್ನು ಪ್ರೇರಿಸಿ, ಮನಸ್ಸು ದೇಹದ ಅಗ್ನಿಯನ್ನು ತಟ್ಟಿ, ಅಗ್ನಿ ವಾಯುವನ್ನು ನೂಕಿ, ಆ ವಾಯು ಎದೆಯಲ್ಲಿ ಸಂಚರಿಸಿ ಮಂದ್ರಸ್ವರವನ್ನು ಹುಟ್ಟಿಸುವುದೆಂದು ವಿವರಿಸುತ್ತದೆ. ಆ ಎದೆಗೇ ರೋಗ ಬಂದಿತೆಂಬುದನ್ನು ನೆನೆದಾಗ ಶಾಸ್ತ್ರದ ಪುಟವನ್ನು ಮುಂದೆ ತಿರುವುವುದು ನನಗೆ ಕಷ್ಟವಾಗುತ್ತದೆ.

ವರ್ಷಕ್ಕೊಮ್ಮೆ ತಂದೆತಾಯಿಗಳ ಶ್ರಾದ್ಧದಲ್ಲಿ ನಾವು ಅವರ ಹೆಸರು ಗೋತ್ರಗಳನ್ನು ಹೇಳಿ ಕರೆಯುತ್ತೇವೆ. ಅವರು ಉತ್ತರ ಕೊಡುವುದಿಲ್ಲ. ಈ ರೈಲಿನಲ್ಲಿ ಅದು ತಿರುವುಮುರುವಾಗಿದೆ. ಹೋದವರು ನಮ್ಮನ್ನು ಉದ್ದೇಶಿಸಿ ಮಾತಾಡುತ್ತಾರೆ, ಉತ್ತರ ಕೊಡಲಾಗದವರು ನಾವು. ಅದೂ ಎಂತಹ ಮಾತು! ಉಪದೇಶವಲ್ಲ, ಪರಲೋಕದ ಸಮಾಚಾರವಲ್ಲ. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿರಿ ಎಂಬ ಒಂದು ಸಣ್ಣ ಉಪಕಾರ, ಹೆಸರು ಹೇಳಿಕೊಳ್ಳದೆ ಮಾಡಿದ್ದು. ಆ ಕಂಠ ಯಾರದೆಂದು ತಿಳಿಯದೆಯೇ ದಿನವೂ ಅದನ್ನು ನಂಬಿ ಇಳಿಯುವವರು ಎಷ್ಟೋ ಮಂದಿ.

ಸಂಜೆ ಹಿಂತಿರುಗುವಾಗ ವಿಜಯನಗರ ಹತ್ತಿರವಾದೊಡನೆ ಜನ ಬಾಗಿಲ ಬಳಿಗೆ ನುಗ್ಗುತ್ತಾರೆ. ನಾನೂ ಹಿಂದೆ ಹಾಗೆಯೇ ಏಳುತ್ತಿದ್ದೆ. ಈಗ ಹಿರಿಯರು ಮಾತಾಡುತ್ತಿರುವಾಗ ನಡುವೆ ಎದ್ದು ಹೋಗಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದ್ದನ್ನು ನೆನೆದು, ಅವರು ನಿಲ್ದಾಣದ ಹೆಸರನ್ನು ಪೂರ್ತಿಯಾಗಿ ಹೇಳಿ ಮುಗಿಸುವವರೆಗೆ ಕುಳಿತಿರುತ್ತೇನೆ. ಆಮೇಲೆ ಎದ್ದು, ಚೀಲವನ್ನು ಹೆಗಲಿಗೇರಿಸಿಕೊಂಡು ಇಳಿಯುತ್ತೇನೆ.